ದಂಡ ಕಟ್ಟಿದರೆ ಋಣ ತೀರಿತೇ?

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ತಾಯಂದಿರನ್ನು ಗೇಲಿ ಮಾಡಲು ಬಳಸುತ್ತೇವೆ. ಆದರೆ ಅದು ತಾಯಂದಿರಿಗಿಂತ ಹೆಚ್ಚಾಗಿ ಒಪ್ಪುವುದು ಆಟದ ಅಭಿಮಾನಿಗಳಿಗೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಮಗ ಪಕ್ಕದ ಮನೆಯ ಕಿಟಕಿ ಗಾಜು ಒಡೆದು ಬಂದಾಗ ತಾಯಿ ಹೊರಗೆ ನಿಂತು ಅವನ ಪರವಾಗಿ ನಾಲ್ಕು ಮಾತು ಆಡುತ್ತಾಳೆ, ನಿಜ. ಆದರೆ ಆಮೇಲೆ ಒಳಗೆ ಕರೆದುಕೊಂಡು ಹೋಗಿ ಕಿವಿಯನ್ನೂ ಹಿಂಡುತ್ತಾಳೆ. ಅಭಿಮಾನಿಗೆ ಈ ಒಳಮನೆಯೇ ಇಲ್ಲ. ತನ್ನ ಆಟಗಾರ ಮಾಡಿದರೆ ಅದು ಜಾಣತನ, ಎದುರಿನವನು ಅದನ್ನೇ ಮಾಡಿದರೆ ಮೋಸ. ತನ್ನವನು ನೆಲಕ್ಕೆ ಬಿದ್ದರೆ ಪೆಟ್ಟು, ಎದುರಿನವನು ಬಿದ್ದರೆ ನಾಟಕ.

ಫುಟ್‌ಬಾಲ್ ನಮ್ಮ ಮನೆಗೆ ಅಳಿಯನ ಜೊತೆಯಲ್ಲಿ ಬಂತು. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡುವ ಕೇರಳದ ಹುಡುಗನನ್ನು ಮದುವೆಯಾದಳು. ಹುಡುಗ ಒಳ್ಳೆಯವನು, ಮಿತಭಾಷಿ, ನನ್ನನ್ನು ಬಾಯಿ ತುಂಬ ‘ದೊಡ್ಡಮ್ಮ’ ಎನ್ನುತ್ತಾನೆ. ಆದರೆ ಕೇರಳ ಬ್ಲಾಸ್ಟರ್ಸ್ ತಂಡದ ಸುದ್ದಿ ಬಂದರೆ ಅವನು ಬೇರೆಯೇ ಮನುಷ್ಯ. ನನ್ನ ಮಗನೋ ಬೆಂಗಳೂರು ಎಫ್‌ಸಿ ತಂಡದ ನೀಲಿ ಅಂಗಿ ತೊಟ್ಟು ಕಂಠೀರವ ಕ್ರೀಡಾಂಗಣಕ್ಕೆ ಹೋಗುವವನು. ಹಬ್ಬದ ಊಟಕ್ಕೆ ಕೂತಾಗ ಹಳದಿ ಅಂಗಿಗೂ ನೀಲಿ ಅಂಗಿಗೂ ನಡುವೆ ಪಲ್ಯ ಬಡಿಸುವ ಕೆಲಸ ನನ್ನದು. ಹೀಗಾಗಿ ಆಫ್‌ಸೈಡ್ ಎಂದರೇನೆಂದು ಇವತ್ತಿಗೂ ಸರಿಯಾಗಿ ತಿಳಿಯದ ನಾನು, ಆಟದ ನ್ಯಾಯಾನ್ಯಾಯದ ಬಗ್ಗೆ ಬೇಕಾದಷ್ಟು ಕೇಳಿಸಿಕೊಂಡಿದ್ದೇನೆ.

ಅವರ ದೊಡ್ಡ ಜಗಳ 2023ರ ಮಾರ್ಚ್ 3ರ ಪಂದ್ಯದ್ದು. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ, ಸೋತವರು ಮನೆಗೆ. ತೊಂಬತ್ತು ನಿಮಿಷ ಕಳೆದರೂ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಗೋಲಿನ ಹತ್ತಿರದಲ್ಲೇ ಒಂದು ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ತನ್ನವರನ್ನು ಗೋಡೆಯಂತೆ ನಿಲ್ಲಿಸುವುದರಲ್ಲಿ ತೊಡಗಿದ್ದ. ಅಷ್ಟರಲ್ಲಿ ಸುನಿಲ್ ಛೆಟ್ರಿ ಸೀಟಿಗೆ ಕಾಯದೆ ಚೆಂಡನ್ನು ಬಲೆಗೆ ಕಳಿಸಿಬಿಟ್ಟರು. ರೆಫರಿ ಗೋಲು ಎಂದರು. ಕೇರಳದವರು ನಾವು ಸಿದ್ಧರಿರಲಿಲ್ಲ ಎಂದು ವಾದಿಸಿದರು. ಅವರ ತರಬೇತುದಾರ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಕಾದು ನೋಡಿ ಕೊನೆಗೆ ಪಂದ್ಯ ಬೆಂಗಳೂರಿನದು ಎಂದು ಸಾರಲಾಯಿತು. ಆ ತಿಂಗಳ ಕೊನೆಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕೇರಳ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿತು, ತರಬೇತುದಾರನನ್ನು ಹತ್ತು ಪಂದ್ಯಗಳಿಂದ ಹೊರಗಿಟ್ಟಿತು.

‘ಮೋಸ ಮಾಡಿದವರಿಗೆ ಗೆಲುವು, ಮೋಸ ಹೋದವರಿಗೆ ದಂಡ! ಇದು ಯಾವ ನ್ಯಾಯ ದೊಡ್ಡಮ್ಮ?’ ಎಂದು ಅಳಿಯ ಕೇಳಿದ.

‘ಅಮ್ಮಾ, ನಿಯಮದ ಪುಸ್ತಕ ತೆಗೆದು ನೋಡು. ಫ್ರೀ ಕಿಕ್ಕಿಗೆ ಸೀಟಿ ಬೇಕಂತ ಎಲ್ಲೂ ಇಲ್ಲ. ಭಾವ ಸುಮ್ಮನೆ ಅಳ್ತಿದಾರೆ’ ಎಂದ ಮಗ.

ಮಗನ ಮಾತು ನಿಯಮದ ಮಟ್ಟಿಗೆ ಸರಿ. ಎದುರಾಳಿಗಳು ಹತ್ತು ಗಜ ಹಿಂದೆ ಸರಿಯಲಿ ಎಂದು ಒದೆಯುವವನು ಕೇಳಿಕೊಂಡರೆ ರೆಫರಿಯ ಸೀಟಿಗೆ ಕಾಯಬೇಕು. ಅದು ಬೇಡವೆಂದರೆ ಕೂಡಲೇ ಒದೆಯಬಹುದು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದಾಗಿ ಛೆಟ್ರಿ ಆಮೇಲೆ ತಿಳಿಸಿದರು. ಹಾಗಿದ್ದ ಮೇಲೆ ಇದನ್ನು ಮೋಸ ಎನ್ನಬಹುದೇ? ನನಗೆ ಹಾಗೆ ತೋರುವುದಿಲ್ಲ. ಎದುರಿನವರು ಮೈಮರೆತಿದ್ದಾಗ ಲಾಭ ಪಡೆಯುವುದು ಉದಾರ ಗುಣವೇನಲ್ಲ, ಆದರೆ ಉದಾರವಲ್ಲದ್ದೆಲ್ಲ ಮೋಸವೂ ಅಲ್ಲ. ಮಾಡಿದ್ದನ್ನು ತೀರ್ಪುಗಾರನ ಕಣ್ಣೆದುರಿಗೇ ಮಾಡಿದರು, ಅವರು ಏನನ್ನೂ ಮುಚ್ಚಿಡಲಿಲ್ಲ. ಮೋಸಕ್ಕೆ ಕತ್ತಲೆ ಬೇಕು, ಯಾರೋ ಒಬ್ಬರ ಕಣ್ಣು ತಪ್ಪಿಸಬೇಕು.

ಕಣ್ಣು ತಪ್ಪಿಸಿದ್ದಕ್ಕೆ ಜಗತ್ತೇ ಬಲ್ಲ ಉದಾಹರಣೆ ಡಿಯಾಗೊ ಮರಡೋನಾನದು. 1986ರ ಜೂನ್ 22ರಂದು ಮೆಕ್ಸಿಕೋ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ವಿರುದ್ಧ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಮೇಲೆ ಬಂದ ಚೆಂಡಿಗೆ ಅವನು ಎಡಗೈ ತಾಗಿಸಿ ಗೋಲು ಮಾಡಿದ. ಟುನೀಷಿಯಾದ ರೆಫರಿ ಅಲಿ ಬೆನ್ನಾಸೆರ್ ಅವರಿಗೆ ಅದು ಕಾಣಲಿಲ್ಲ. ‘ಸ್ವಲ್ಪ ನನ್ನ ತಲೆ, ಸ್ವಲ್ಪ ದೇವರ ಕೈ’ ಎಂಬರ್ಥದ ಮಾತಾಡಿ ಮರಡೋನಾ ನಕ್ಕ. ನಾಲ್ಕೇ ನಿಮಿಷದ ನಂತರ ಅದೇ ಮನುಷ್ಯ ಅರ್ಧ ಮೈದಾನ ಓಡಿ, ಎದುರಾದವರನ್ನೆಲ್ಲ ದಾಟಿ ಮತ್ತೊಂದು ಗೋಲು ಹೊಡೆದ. ಅದನ್ನು ಶತಮಾನದ ಗೋಲು ಎಂದು 2002ರಲ್ಲಿ ಜನ ಮತ ಹಾಕಿ ಆರಿಸಿದರು. ಅಂಥ ಕಾಲಿದ್ದವನಿಗೆ ಆ ಕೈ ಏಕೆ ಬೇಕಿತ್ತು ಎಂದು ಯೋಚಿಸುತ್ತೇನೆ. ಅರ್ಜೆಂಟೀನಾದವರನ್ನು ಕೇಳಿದರೆ 1982ರ ಫಾಕ್‌ಲೆಂಡ್ ಯುದ್ಧದ ಕತೆ ಹೇಳುತ್ತಾರೆ. ಇಂಗ್ಲೆಂಡ್ ನಮ್ಮ ಹುಡುಗರನ್ನು ಕೊಂದಿತು, ನಾವು ಒಂದು ಗೋಲು ಕದ್ದೆವು ಎನ್ನುತ್ತಾರೆ. ಹಳೆಯ ಗಾಯವಿದ್ದ ಕಡೆ ಹೊಸ ಮೋಸಕ್ಕೆ ಬೇಗ ಸಮರ್ಥನೆ ಸಿಗುತ್ತದೆ.

ಇದು ಸುಲಭದ ಲೆಕ್ಕ. ಕಂಡಿಲ್ಲ, ಶಿಕ್ಷೆ ಆಗಿಲ್ಲ, ಆದ್ದರಿಂದ ಮೋಸ. ಈಗ 2018ರ ವಿಶ್ವಕಪ್ಪಿನಿಂದೀಚೆಗೆ ವಿಡಿಯೊ ನೋಡಿ ತೀರ್ಪು ತಿದ್ದುವ ಏರ್ಪಾಟು ಬಂದಿರುವುದರಿಂದ ಅಂಥ ಕೈಯನ್ನು ಹಿಡಿಯಬಹುದು. ಆದರೆ ಕ್ಯಾಮೆರಾ ಬಿಡಿಸಲಾರದ ಇನ್ನೊಂದು ಲೆಕ್ಕವಿದೆ.

2010ರ ಜುಲೈ 2, ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್. ಘಾನಾ ಗೆದ್ದರೆ ಆಫ್ರಿಕಾದ ತಂಡವೊಂದು ಮೊದಲ ಬಾರಿಗೆ ವಿಶ್ವಕಪ್ಪಿನ ಸೆಮಿಫೈನಲ್ ಸೇರುತ್ತಿತ್ತು. ಉರುಗ್ವೆಯೊಡನೆ ಒಂದು–ಒಂದು ಸಮ. ಹೆಚ್ಚುವರಿ ಸಮಯದ ಕಟ್ಟಕಡೆಯ ಗಳಿಗೆಯಲ್ಲಿ ಘಾನಾದ ಆಟಗಾರ ತಲೆಯಿಂದ ಹೊಡೆದ ಚೆಂಡು ಗೋಲಿನೊಳಗೆ ಹೋಗುತ್ತಿತ್ತು. ಗೆರೆಯ ಮೇಲೆ ನಿಂತಿದ್ದ ಲೂಯಿಸ್ ಸುವಾರೆಜ್ ಎರಡೂ ಕೈ ಎತ್ತಿ ಅದನ್ನು ತಡೆದುಬಿಟ್ಟ. ಅವನು ಗೋಲ್‌ಕೀಪರ್ ಅಲ್ಲ. ರೆಫರಿ ಕಂಡರು, ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸಿದರು, ಘಾನಾಕ್ಕೆ ಪೆನಾಲ್ಟಿ ಕೊಟ್ಟರು. ಅಸಮೋವಾ ಗ್ಯಾನ್ ಒದ್ದ ಚೆಂಡು ಮೇಲಿನ ಕಂಬಕ್ಕೆ ಬಡಿಯಿತು. ಅಳುತ್ತಾ ಹೊರಗೆ ಹೋಗುತ್ತಿದ್ದ ಸುವಾರೆಜ್ ಅದನ್ನು ಕಂಡು ಕುಣಿದಾಡಿದ. ಕೊನೆಗೆ ಪೆನಾಲ್ಟಿಗಳಲ್ಲಿ ಉರುಗ್ವೆ 4–2ರಿಂದ ಗೆದ್ದಿತು.

ಇಲ್ಲಿ ಕತ್ತಲೆಯಿಲ್ಲ. ನಿಯಮ ಮುರಿದ, ಎಲ್ಲರೂ ನೋಡಿದರು, ನಿಯಮ ಹೇಳಿದ ಶಿಕ್ಷೆಯನ್ನು ಪೂರ್ತಿ ಅನುಭವಿಸಿದ, ಸೆಮಿಫೈನಲ್ ಆಡಲಿಲ್ಲ. ಹನ್ನೆರಡು ವರ್ಷಗಳ ನಂತರ, 2022ರ ಡಿಸೆಂಬರಿನಲ್ಲಿ, ಅವೇ ತಂಡಗಳು ಕತಾರಿನಲ್ಲಿ ಮತ್ತೆ ಎದುರಾದಾಗ ಪತ್ರಕರ್ತರು ಕೇಳಿದರು. ನಾನು ಕ್ಷಮೆ ಕೇಳುವುದಿಲ್ಲ, ನನಗೆ ಕೆಂಪು ಕಾರ್ಡ್ ಆಯಿತು, ಪೆನಾಲ್ಟಿ ತಪ್ಪಿಸಿಕೊಂಡವನು ಘಾನಾದ ಆಟಗಾರ, ಅದು ನನ್ನ ತಪ್ಪಲ್ಲ ಎಂಬಂತೆ ಅವನು ಉತ್ತರಿಸಿದ. ಉರುಗ್ವೆಯ ಅಭಿಮಾನಿಗಳದೂ ಅದೇ ಮಾತು: ತನ್ನ ಪಂದ್ಯವನ್ನೇ ಬಲಿ ಕೊಟ್ಟು ದೇಶವನ್ನು ಉಳಿಸಿದ, ದಂಡ ಕಟ್ಟಿದ, ಇನ್ನೇನು ಬೇಕು?

ಈ ‘ಇನ್ನೇನು ಬೇಕು’ ಎಂಬ ಮಾತು ನಮಗೆ, ಹೆಂಗಸರಿಗೆ, ಹೊಸದಲ್ಲ. ನೆಂಟರಿಷ್ಟರ ಎದುರಿಗೆ ಹೆಂಡತಿಯನ್ನು ಹೀಯಾಳಿಸಿ, ಮಾರನೆಯ ದಿನ ಸೀರೆಯ ಪೊಟ್ಟಣ ಹಿಡಿದು ಬರುವ ಗಂಡಸರನ್ನು ನಾವು ಕಂಡಿದ್ದೇವೆ. ‘ಸೀರೆ ತಂದೆನಲ್ಲ, ಇನ್ನೂ ಏಕೆ ಮುಖ ಊದಿಸಿದ್ದೀಯೆ?’ ಸೀರೆಯ ಬೆಲೆ ಎಷ್ಟೇ ಇರಲಿ, ಅದು ಆಡಿದ ಮಾತಿನ ಬೆಲೆಯಲ್ಲ. ‘ತಪ್ಪಾಯಿತು’ ಎಂಬ ಒಂದು ಮಾತು ಇಲ್ಲದಿದ್ದರೆ ಸೀರೆ ಬರೀ ಮುಂದಿನ ಬೈಗುಳದ ಮುಂಗಡವಾಗುತ್ತದೆ.

ದಂಡ ಹೇಗೆ ಬೆಲೆಯಾಗಿಬಿಡುತ್ತದೆ ಎಂಬುದನ್ನು ಇಸ್ರೇಲಿನ ಹೈಫಾ ನಗರದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಕೆಲವು ಶಿಶುವಿಹಾರಗಳು ದಂಡ ಹಾಕಿದವು. ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಮೊದಲು ಆ ಮೇಡಂ ಪಾಪ ಕಾಯುತ್ತಿರುತ್ತಾರಲ್ಲ ಎಂಬ ಸಂಕೋಚವಿತ್ತು. ದುಡ್ಡು ಕೊಡತೊಡಗಿದ ಮೇಲೆ ಸಂಕೋಚ ಹೋಯಿತು. ದಂಡವನ್ನು ತೆಗೆದುಹಾಕಿದರೂ ಆ ಸಂಕೋಚ ತಿರುಗಿ ಬರಲಿಲ್ಲ. ಮಕ್ಕಳ ತಾಯಂದಿರಿಗಾಗಿ ಸಂಜೆ ಶಾಲೆಯ ಮೆಟ್ಟಿಲ ಮೇಲೆ ಕಾದು ಕೂತ ನನ್ನಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಸುವಾರೆಜ್‌ನ ಲೆಕ್ಕದಲ್ಲಿ ತಪ್ಪಿರುವುದು ಇಲ್ಲೇ. ಶಿಕ್ಷೆ ಎನ್ನುವುದು ತಪ್ಪು ಮಾಡಿದವನ ಖಾತೆಗೆ ಸಂಬಂಧಿಸಿದ್ದು. ಕಳೆದುಕೊಂಡವನ ಖಾತೆ ಬೇರೆಯೇ ಇದೆ. ಘಾನಾ ಕಳೆದುಕೊಂಡದ್ದು ಒಂದು ಗೋಲು, ಪಡೆದದ್ದು ಗೋಲು ಹೊಡೆಯುವ ಒಂದು ಅವಕಾಶ. ರಗ್ಬಿ ಆಟದಲ್ಲಿ, ಅಂಕ ಬರುವುದೇ ಸಂಭವ ಎಂಬಂಥ ಸ್ಥಿತಿಯಲ್ಲಿ ಎದುರಾಳಿ ನಿಯಮ ಮುರಿದು ತಡೆದರೆ ಆ ಅಂಕವನ್ನೇ ಕೊಟ್ಟುಬಿಡುತ್ತಾರಂತೆ. ಫುಟ್‌ಬಾಲ್ ಆ ದಾರಿ ಹಿಡಿಯಲಿಲ್ಲ. ಆ ಒಂದು ಕ್ಷಣದಲ್ಲಿ ಕೈ ತಾನಾಗಿ ಮೇಲೆದ್ದಿರಬಹುದು, ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಬಿಸಿ ಪಾತ್ರೆ ಜಾರಿದರೆ ಕೈ ಮುಂದೆ ಹೋಗುವುದಿಲ್ಲವೇ? ಆದರೆ ಹನ್ನೆರಡು ವರ್ಷ ಯೋಚಿಸಿ ಆಡಿದ ಮಾತು ತಾನಾಗಿ ಬಂದದ್ದಲ್ಲ. ನಾನು ಕಟ್ಟಿದ್ದೇನೆ, ನಿನಗೇನೂ ಬಾಕಿಯಿಲ್ಲ ಎಂದು ಅವನು ಘಾನಾದ ಜನರಿಗೆ ಹೇಳಿದ. ಕತಾರಿನ ಆ ಪಂದ್ಯವನ್ನು ಉರುಗ್ವೆ 2–0ರಿಂದ ಗೆದ್ದಿತು, ಆದರೂ ಬೇರೆ ಪಂದ್ಯದ ಫಲಿತಾಂಶದಿಂದಾಗಿ ವಿಶ್ವಕಪ್ಪಿನಿಂದ ಹೊರಬಿತ್ತು. ಬೆಂಚಿನ ಮೇಲೆ ಸುವಾರೆಜ್ ಅತ್ತ. ತಾವೂ ಹೊರಬಿದ್ದಿದ್ದ ಘಾನಾದ ಅಭಿಮಾನಿಗಳು ಅದನ್ನು ನೋಡಿ ಸಂಭ್ರಮಿಸಿದರು. ಸಂದಾಯವಾಗದ ಲೆಕ್ಕ ಹೀಗೆಯೇ ಬಡ್ಡಿ ಬೆಳೆಸಿಕೊಂಡು ಕೂತಿರುತ್ತದೆ.

ಶಿಕ್ಷೆಗಳ ತೂಕದ ಬಗ್ಗೆಯೂ ಒಂದು ಮಾತು ಹೇಳಬೇಕು. ಇದೇ ಸುವಾರೆಜ್ 2014ರ ವಿಶ್ವಕಪ್ಪಿನಲ್ಲಿ ಇಟಲಿಯ ಕಿಯೆಲ್ಲಿನಿಯ ಭುಜವನ್ನು ಕಚ್ಚಿದ. ಒಂಬತ್ತು ಅಂತಾರಾಷ್ಟ್ರೀಯ ಪಂದ್ಯಗಳ ನಿಷೇಧ, ನಾಲ್ಕು ತಿಂಗಳು ಫುಟ್‌ಬಾಲಿನಿಂದಲೇ ದೂರ. ಕಚ್ಚಿದ್ದರಿಂದ ಅವನ ತಂಡಕ್ಕೆ ದಕ್ಕಿದ್ದು ಏನೂ ಇಲ್ಲ. ಕೈಯಿಂದ ಚೆಂಡು ತಡೆದು ಸೆಮಿಫೈನಲ್ಲನ್ನೇ ತಂದುಕೊಟ್ಟಾಗ ಆದ ನಿಷೇಧ ಒಂದೇ ಪಂದ್ಯದ್ದು. ಕೇರಳ ತಂಡವೂ ಸಿಟ್ಟಿನಿಂದ ಹೊರನಡೆದು ತನಗೇ ನಷ್ಟ ಮಾಡಿಕೊಂಡಿತು, ದಂಡ ಮಾತ್ರ ನಾಲ್ಕು ಕೋಟಿ. ಕಚ್ಚುವುದು, ಆಟ ಬಿಟ್ಟು ಹೋಗುವುದು ಸರಿಯೆಂದು ನಾನು ಹೇಳುತ್ತಿಲ್ಲ. ಆಟ ನಡೆಯಬೇಕಾದರೆ ಮೈದಾನದಲ್ಲಿ ನಿಲ್ಲಬೇಕು, ಅನ್ಯಾಯವಾಯಿತೆಂದು ಅನ್ನಿಸಿದರೂ ನಿಂತು ಆಡಿ ಆಮೇಲೆ ದೂರು ಕೊಡಬೇಕು. ಆದರೆ ಸಿಟ್ಟಿನ ತಪ್ಪಿಗೆ ಭಾರದ ಶಿಕ್ಷೆ, ಲೆಕ್ಕಾಚಾರದ ತಪ್ಪಿಗೆ ಹಗುರದ ಶಿಕ್ಷೆ ಎಂಬ ಪದ್ಧತಿ ಫುಟ್‌ಬಾಲಿನಲ್ಲಿ ಮಾತ್ರವಲ್ಲ, ಶಾಲೆಯಲ್ಲೂ ಇದೆ. ಬೆಂಚು ಒದ್ದು ಕೂಗಾಡುವ ಹುಡುಗ ಹೆಡ್‌ಮಾಸ್ಟರರ ಕೋಣೆಯ ಹೊರಗೆ ನಿಲ್ಲುತ್ತಾನೆ. ಕೈಯೊಳಗೆ ಚೀಟಿ ಇಟ್ಟುಕೊಂಡು ಮೆತ್ತಗೆ ಬರೆಯುವವನು ಪ್ರೈಜು ತೆಗೆದುಕೊಂಡು ಹೋಗುತ್ತಾನೆ. ಕೂಗಾಟ ನಮ್ಮ ನೆಮ್ಮದಿ ಕೆಡಿಸುತ್ತದೆ, ಚೀಟಿ ಕೆಡಿಸುವುದಿಲ್ಲ. ಅದಕ್ಕೇ ನಮಗೆ ಚೀಟಿಗಿಂತ ಕೂಗಾಟದ ಮೇಲೆ ಸಿಟ್ಟು.

ಅಂದ ಹಾಗೆ, ಹಳದಿ ಮತ್ತು ಕೆಂಪು ಕಾರ್ಡುಗಳನ್ನು ಯೋಚಿಸಿ ತೆಗೆದವರು ಒಬ್ಬ ಮೇಷ್ಟರೇ. ಇಂಗ್ಲೆಂಡಿನ ಕೆನ್ ಆಸ್ಟನ್, ವೃತ್ತಿಯಿಂದ ಶಾಲಾ ಶಿಕ್ಷಕರು, ಜೊತೆಗೆ ರೆಫರಿ. 1966ರ ವಿಶ್ವಕಪ್ಪಿನಲ್ಲಿ ಜರ್ಮನಿಯ ರೆಫರಿ ಅರ್ಜೆಂಟೀನಾದ ನಾಯಕನನ್ನು ಹೊರಗೆ ಹೋಗೆಂದಾಗ, ಭಾಷೆ ತಿಳಿಯದೆಂದು ಆತ ಬಹಳ ಹೊತ್ತು ಮೈದಾನ ಬಿಡಲಿಲ್ಲ. ಆಮೇಲೆ ಕಾರಿನಲ್ಲಿ ಹೋಗುತ್ತಾ ಟ್ರಾಫಿಕ್ ದೀಪ ನೋಡಿದ ಆಸ್ಟನ್ನರಿಗೆ ಎಲ್ಲ ಭಾಷೆಗೂ ಒಪ್ಪುವ ಈ ಉಪಾಯ ಹೊಳೆಯಿತು. 1970ರ ವಿಶ್ವಕಪ್ಪಿನಿಂದ ಅದು ಬಳಕೆಗೆ ಬಂತು. ಮೇಷ್ಟರ ಕಾರ್ಡು ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ. ನಾಚಿಕೆಪಡಬೇಕಾದದ್ದು ಯಾವುದೆಂದು ಅದು ಹೇಳಲಾರದು. ಅದನ್ನು ಹೇಳಬೇಕಾದವರು ಸುತ್ತ ಕೂತು ನೋಡುವವರು.

ನೋಡುವವರ ಈ ಜಗಳ ನಮಗೆ ಹೊಸದೂ ಅಲ್ಲ. ಗದಾಯುದ್ಧದಲ್ಲಿ ಹೊಕ್ಕುಳಿನ ಕೆಳಗೆ ಹೊಡೆಯಬಾರದೆಂಬುದು ನಿಯಮ. ಭೀಮ ತೊಡೆಗೆ ಹೊಡೆದ. ಇಬ್ಬರಿಗೂ ಗದೆ ಕಲಿಸಿದ ಗುರು ಬಲರಾಮ ಸಿಡಿದೆದ್ದು ನೇಗಿಲು ಎತ್ತಿದ. ಕೃಷ್ಣ ಅವನನ್ನು ತಡೆದು ದ್ರೌಪದಿಯ ಅವಮಾನ, ಭೀಮನ ಪ್ರತಿಜ್ಞೆ ಎಲ್ಲವನ್ನೂ ನೆನಪಿಸಿದ. ಕೃಷ್ಣನ ಮಾತಿನಲ್ಲಿ ಸತ್ಯವಿತ್ತು. ಆದರೂ ಬಲರಾಮನಿಗೆ ಅದು ಒಪ್ಪಿಗೆಯಾಗಲಿಲ್ಲ, ದ್ವಾರಕೆಗೆ ಹೊರಟುಹೋದ. ದ್ರೌಪದಿಯ ಸೆರಗಿಗೆ ಕೈಹಾಕಿದ ಸಭೆಯನ್ನು ಯಾವ ಹೆಂಗಸೂ ಮರೆಯಲಾರಳು, ನಾನೂ ಮರೆತಿಲ್ಲ. ಆದರೆ ತೊಡೆಗೆ ಹೊಡೆದದ್ದು ನ್ಯಾಯವಾದ ಹೊಡೆತ ಎಂದು ಮಕ್ಕಳಿಗೆ ಪಾಠ ಹೇಳಲೂ ನನ್ನಿಂದಾಗದು. ನಮ್ಮ ರನ್ನ ಕವಿಯನ್ನು ನೋಡಿ. ಅವನ ಕಾವ್ಯದ ನಾಯಕ ಭೀಮ, ಕಾವ್ಯದ ಹೆಸರೇ ‘ಸಾಹಸಭೀಮ ವಿಜಯ’. ಆದರೂ ದುರ್ಯೋಧನನ ಕೊನೆಗಾಲದ ದುಃಖಕ್ಕೆ, ಘನತೆಗೆ ಅವನು ಕಣ್ಣು ಮುಚ್ಚಲಿಲ್ಲ. ಭೀಮನ ಅಭಿಮಾನಿ ಎಂದರೆ ಹಾಗಿರಬೇಕು.

ಕೆಲವು ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಖೋಖೋ ಪಂದ್ಯಕ್ಕೆ ನಮ್ಮ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಕೊನೆಯ ಸುತ್ತಿನಲ್ಲಿ ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಂಬದ ಹತ್ತಿರ ತಪ್ಪಿಸಿಕೊಂಡು ಓಡಿದಳು. ಅಟ್ಟಿಸಿಕೊಂಡು ಬಂದವಳ ಬೆರಳು ಬೆನ್ನಿಗೆ ತಾಗಿತ್ತು. ಅಂಪೈರ್ ಅದನ್ನು ನೋಡಲಿಲ್ಲ. ನಮ್ಮ ಹುಡುಗಿ ತಾನೇ ನಿಂತು ಕೈ ಎತ್ತಿ ಹೊರಗೆ ಬಂದಳು. ಒಂದು ಅಂಕದಿಂದ ಸೋತೆವು. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ವಾರ ಕಳೆದರೂ ಯಾರೂ ಮಾತಾಡಿಸಲಿಲ್ಲ. ಕೊನೆಗೆ ಅವಳ ತಾಯಿ ಶಾಲೆಗೆ ಬಂದರು. ‘ಮೇಡಂ, ನಿಜ ಹೇಳಬೇಕು ಅಂತ ಕಲಿಸಿದೋರು ನೀವು. ಅವಳು ಹೇಳಿದಳು. ಈಗ ಮನೇಲಿ ಊಟ ಬಿಟ್ಟು ಕೂತಿದಾಳೆ. ಇದಕ್ಕೇನು ಹೇಳ್ತೀರಿ?’

ಕಠಿಣವಾದ ಪ್ರಶ್ನೆ. ಅವಳೊಬ್ಬಳ ಸತ್ಯಕ್ಕೆ ಹನ್ನೆರಡು ಹುಡುಗಿಯರು ಬೆಲೆ ತೆತ್ತಿದ್ದರು, ಅವರ ಅಳುವೂ ಸುಳ್ಳಲ್ಲ. ನಾನು ಆ ತಾಯಿಯನ್ನು ಕೂರಿಸಿ, ಎಲ್ಲ ಹುಡುಗಿಯರನ್ನೂ ಕರೆಸಿದೆ. ‘ಅವಳು ಕೈ ಎತ್ತದೆ ಇದ್ದಿದ್ದರೆ ಕಪ್ಪು ನಮ್ಮ ಶಾಲೆಯ ಬೀರುವಿನಲ್ಲಿರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಆ ಬೆರಳು ನೆನಪಾಗುತ್ತಿದ್ದುದು ಇವಳೊಬ್ಬಳಿಗೇ. ನಿಮ್ಮೆಲ್ಲರ ಸಂತೋಷದ ಸಾಲವನ್ನು ಇವಳೊಬ್ಬಳೇ ಹೊರಬೇಕಿತ್ತೇ?’ ಎಂದು ಕೇಳಿದೆ. ಯಾರೂ ಉತ್ತರಿಸಲಿಲ್ಲ. ಹೊರಗೆ ಹೋಗುವಾಗ ಒಬ್ಬಳು ಮಾತ್ರ, ‘ಆ ಶಾಲೆಯ ಹುಡುಗಿ ಇವಳ ಹೆಸರು ಕೇಳಿ ಬರೆದುಕೊಂಡು ಹೋದಳು ಮಿಸ್’ ಎಂದಳು. ಎರಡು ದಿನದಲ್ಲಿ ಮಾತುಕತೆ ಶುರುವಾಯಿತು. ಅವರೆಲ್ಲ ನನ್ನ ಮಾತನ್ನು ಒಪ್ಪಿದರೆಂದು ನಾನು ಹೇಳಲಾರೆ.

ದೊಡ್ಡ ದುಡ್ಡಿನ ಆಟದಲ್ಲಿ ಇಂಥವರು ಇಲ್ಲವೆಂದು ತಿಳಿಯಬೇಡಿ. 2012ರ ಸೆಪ್ಟೆಂಬರಿನಲ್ಲಿ ಇಟಲಿಯ ಲಾಜಿಯೊ ತಂಡಕ್ಕಾಗಿ ನಾಪೊಲಿ ವಿರುದ್ಧ ಆಡುತ್ತಿದ್ದ ಜರ್ಮನಿಯ ಮಿರೊಸ್ಲಾವ್ ಕ್ಲೋಸೆ ಹೊಡೆದ ಚೆಂಡನ್ನು ರೆಫರಿ ಗೋಲೆಂದು ಸಾರಿಯಾಗಿತ್ತು. ಕ್ಲೋಸೆ ತಾನೇ ಹೋಗಿ, ಅದು ಕೈಗೆ ತಾಗಿತ್ತು ಎಂದ. ಗೋಲು ರದ್ದಾಯಿತು, ಅವನ ತಂಡ 3–0ರಿಂದ ಸೋತಿತು. ಎದುರು ತಂಡದವರು ಬಂದು ಕೈ ಕುಲುಕಿದರು. ಸತ್ಯ ಹೇಳಿದವನಿಗೆ ಗೆಲುವು ಸಿಕ್ಕೇ ಸಿಗುತ್ತದೆ ಎಂಬ ಕತೆ ಇದಲ್ಲ. ಅವನು ಸೋತ, ಆದರೆ ಎದುರಿನವರಿಗೆ ಅವನಿಂದ ಬರಬೇಕಾದದ್ದು ಏನೂ ಉಳಿಯಲಿಲ್ಲ.

ನನ್ನ ಮಗ ಮತ್ತು ಅಳಿಯ ಇಂದಿಗೂ ಜಗಳವಾಡುತ್ತಾರೆ, ಆಡಲಿ. ಅಭಿಮಾನವಿಲ್ಲದ ಆಟ ಉಪ್ಪಿಲ್ಲದ ಸಾರು. ಅಭಿಮಾನ ಬಿಡಿ ಎಂದು ಯಾರಿಗೂ ನಾನು ಹೇಳುವುದಿಲ್ಲ, ಅದಕ್ಕೊಂದು ಒಳಮನೆ ಇರಲಿ ಎನ್ನುತ್ತೇನೆ. ಮರಡೋನಾನ ಎರಡನೆಯ ಗೋಲಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿ, ಮೊದಲನೆಯದಕ್ಕೆ ತಲೆ ತಗ್ಗಿಸುವುದು ಒಂದೇ ಮನಸ್ಸಿಗೆ ಸಾಧ್ಯವಿದೆ. ಮಕ್ಕಳನ್ನು ಹೆತ್ತು ಸಾಕಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ಮೇಲಿನ ಪ್ರೀತಿಯನ್ನು ಒಂದಿಷ್ಟೂ ಕಡಿಮೆ ಮಾಡಿಕೊಳ್ಳದೆ, ‘ದಂಡ ಕೊಟ್ಟದ್ದಾಯಿತಲ್ಲ, ಈಗ ಹೋಗಿ ಅವರ ಹತ್ತಿರ ತಪ್ಪಾಯಿತೆಂದು ಹೇಳಿ ಬಾ’ ಎಂದು ಪಕ್ಕದ ಮನೆಯ ಬಾಗಿಲಿಗೆ ಕಳಿಸುವುದು ನಮಗೆ ಗೊತ್ತು.